ಮೊದಲ ಸಲ ಕೌನ್ಸೆಲಿಂಗ್‌ಗೆ ಹೋಗುವವರಿಗೆ



ಕೌನ್ಸೆಲಿಂಗ್‌ಗೆ ಹೋಗಬೇಕು ಎಂದು ಮನಸ್ಸು ಮಾಡಿದವರಲ್ಲಿ ಎಷ್ಟೋ ಜನ ಆಸ್ಪತ್ರೆಯ ಗೇಟಿನವರೆಗೂ ಬಂದು ಹಿಂತಿರುಗುತ್ತಾರೆ. ಕೆಲವರು ಫೋನ್ ನಂಬರ್ ಬರೆದಿಟ್ಟುಕೊಂಡು ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ. ಯಾಕೆ ಅಂತ ಕೇಳಿದರೆ ರಜೆ ಇಲ್ಲ, ದುಡ್ಡಿಲ್ಲ, ದೂರ ಎಂದೆಲ್ಲ ಹೇಳಿ, ಕೊನೆಗೆ ಮೆಲ್ಲಗೆ ಕೇಳುತ್ತಾರೆ: "ಅಲ್ಲಿಗೆ ಹೋದ್ರೆ ಏನ್ ಮಾಡ್ತಾರೆ?" ಜ್ವರ ಬಂದು ಡಾಕ್ಟರ ಹತ್ತಿರ ಹೋದರೆ ಏನಾಗುತ್ತದೆ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ನಾಲಿಗೆ ಚಾಚು ಅನ್ನುತ್ತಾರೆ, ಎದೆಗೆ ಸ್ಟೆತಸ್ಕೋಪ್ ಇಡುತ್ತಾರೆ, ಚೀಟಿ ಬರೆಯುತ್ತಾರೆ. ಆದರೆ ಆಪ್ತಸಮಾಲೋಚಕರ ಕೋಣೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಗೊತ್ತಿಲ್ಲದ ಕೋಣೆಗೆ ಕಾಲಿಡಲು ಯಾರಿಗಾದರೂ ಹೆದರಿಕೆಯಾಗುತ್ತದೆ. ಇವತ್ತು ಆ ಕೋಣೆಯ ಬಾಗಿಲನ್ನು ನಿಮಗಾಗಿ ಸ್ವಲ್ಪ ತೆರೆದು ತೋರಿಸಬೇಕು ಎಂದುಕೊಂಡಿದ್ದೇನೆ.

ಶುರು ಮಾಡುವ ಮುಂಚೆ ಒಂದು ಮಾತು. ಈ ಭಾಷಣದಲ್ಲಿ ಬರುವ ಉದಾಹರಣೆಗಳು ಯಾರೋ ಒಬ್ಬರ ನಿಜವಾದ ಕಥೆಗಳಲ್ಲ. ಬಂದವರು ನಂಬಿ ಆಡಿದ ಮಾತನ್ನು, ಹೆಸರು ಬದಲಿಸಿದರೂ, ಬಾನುಲಿಗೆ ತರಬಾರದು ಎಂಬುದು ನನ್ನ ನಿಲುವು. ಉದಾಹರಣೆ ಬೇಕಾದ ಕಡೆ ಕಲ್ಪಿಸಿಕೊಂಡು ಹೇಳುತ್ತೇನೆ.

ಮನಸ್ಸಿನ ಚಿಕಿತ್ಸೆಯ ಸುದ್ದಿ ಕನ್ನಡಿಗರಿಗೆ ಹೊಸದೇನಲ್ಲ. ಕೊರವಂಜಿ ಪತ್ರಿಕೆಯ 'ರಾಶಿ' ಎಂದು ನಾಡಿಗೆಲ್ಲ ಪರಿಚಿತರಾಗಿದ್ದ ಡಾಕ್ಟರ್ ಎಂ. ಶಿವರಾಂ ಬರೆದ 'ಮನಮಂಥನ' ಎಂಬ ಪುಸ್ತಕಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನೋವೈದ್ಯಕೀಯವನ್ನು ಕುರಿತ ಪುಸ್ತಕಕ್ಕೆ ಸಾಹಿತ್ಯದ ದೊಡ್ಡ ಗೌರವ! ಅದಕ್ಕೂ ಮುಂಚೆ ತ್ರಿವೇಣಿಯವರು 'ಶರಪಂಜರ' ಬರೆದಿದ್ದರು. ಪುಟ್ಟಣ್ಣ ಕಣಗಾಲರು 1971ರಲ್ಲಿ ಅದನ್ನು ಸಿನಿಮಾ ಮಾಡಿದರು. ಅದರ ನಾಯಕಿ ಕಾವೇರಿ, ಆಸ್ಪತ್ರೆಯಿಂದ ಗುಣವಾಗಿಯೇ ಮನೆಗೆ ಬರುತ್ತಾಳೆ. ಅವಳನ್ನು ಮತ್ತೆ ಮುರಿಯುವುದು ಸುತ್ತಲಿನವರ ನೋಟ. ಅವಳು ನಕ್ಕರೂ ಸಂಶಯ, ಅತ್ತರೂ ಸಂಶಯ. ಅರ್ಧ ಶತಮಾನ ಕಳೆದರೂ, ನಮ್ಮ ಜನ ಹೆದರುವುದು ಚಿಕಿತ್ಸೆಗಿಂತ ಹೆಚ್ಚಾಗಿ ಆ ನೋಟಕ್ಕೇ. ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಎಂದರೆ ಈಗಲೂ ಕೆಲವರ ಬಾಯಲ್ಲಿ 'ಹುಚ್ಚಾಸ್ಪತ್ರೆ'ಯೇ. ಆ ಪದ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುತ್ತಾ ಎಷ್ಟು ಜನರನ್ನು ಮನೆಯಲ್ಲೇ ಕೂರಿಸಿದೆಯೋ ಎಂದು ಯೋಚಿಸಿದರೆ ನನಗೆ ಸಂಕಟವಾಗುತ್ತದೆ.

ಹಾಗಾದರೆ ಯಾರು ಹೋಗಬೇಕು? ಯಾವಾಗ? ನಮ್ಮಲ್ಲಿ "ನನಗೆ ಖಿನ್ನತೆ ಇದೆ" ಅಂತ ಬರುವವರು ಕಡಿಮೆ. ತಲೆ ಭಾರ, ಎದೆ ಡವಡವ, ಕೈಕಾಲಲ್ಲಿ ಶಕ್ತಿ ಇಲ್ಲ, ಊಟ ಸೇರಲ್ಲ, ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ ಅಂತ ಬರುತ್ತಾರೆ. ಇ.ಸಿ.ಜಿ. ಆಗಿರುತ್ತದೆ, ಸ್ಕ್ಯಾನ್ ಆಗಿರುತ್ತದೆ, ಎಲ್ಲವೂ ನಾರ್ಮಲ್. "ನಿಮಗೇನೂ ಇಲ್ಲ" ಎಂದು ಕಳಿಸಿರುತ್ತಾರೆ. ಏನೂ ಇಲ್ಲದಿದ್ದರೆ ಈ ಸಂಕಟ ಎಲ್ಲಿಂದ ಬಂತು ಎಂದು ಅವರು ಇನ್ನಷ್ಟು ಕುಗ್ಗುತ್ತಾರೆ. ಎರಡು ವಾರಕ್ಕೂ ಮೀರಿ ನಿದ್ದೆ, ಹಸಿವು, ಕೆಲಸದ ಮೇಲಿನ ಆಸಕ್ತಿ ಕೆಟ್ಟು ದಿನನಿತ್ಯದ ಬದುಕು ನಡೆಸುವುದೇ ಕಷ್ಟವಾಗಿದ್ದರೆ ಹೋಗಿ ತೋರಿಸಿಕೊಳ್ಳುವುದೇ ಸರಿ. ಕಾಯಿಲೆಯೇ ಇರಬೇಕೆಂದೂ ಇಲ್ಲ. ಗಂಡ ಹೆಂಡತಿಯ ನಡುವೆ ಮಾತು ನಿಂತುಹೋಗಿದೆ, ತೀರಿಕೊಂಡವರ ನೆನಪು ವರ್ಷವಾದರೂ ಉಸಿರಾಡಲು ಬಿಡುತ್ತಿಲ್ಲ, ಪರೀಕ್ಷೆ ಹತ್ತಿರ ಬಂದರೆ ಮಗನಿಗೆ ವಾಂತಿ ಬರುತ್ತದೆ. ಇಷ್ಟೂ ಕಾರಣಗಳು ಸಾಕು.

ಯಾರ ಹತ್ತಿರ ಹೋಗಬೇಕು ಎಂಬಲ್ಲಿ ಗೊಂದಲವಿದೆ. ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್, ಎಂ.ಬಿ.ಬಿ.ಎಸ್. ಮುಗಿಸಿ ಮನೋವೈದ್ಯಕೀಯದಲ್ಲಿ ಹೆಚ್ಚಿನ ಓದು ಮಾಡಿದವರು. ಔಷಧ ಬರೆಯಬೇಕಾದವರು ಇವರೇ. ಕ್ಲಿನಿಕಲ್ ಸೈಕಾಲಜಿಸ್ಟ್ ಔಷಧ ಬರೆಯುವುದಿಲ್ಲ, ಮಾತಿನ ಮೂಲಕ ಚಿಕಿತ್ಸೆ ಮಾಡುತ್ತಾರೆ, ಮಾನಸಿಕ ಪರೀಕ್ಷೆಗಳನ್ನು ನಡೆಸುತ್ತಾರೆ. ಇವರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಮನೆಯವರನ್ನೂ ಸೇರಿಸಿಕೊಂಡು ಕೆಲಸ ಮಾಡುತ್ತಾರೆ. ಇನ್ನು 'ಕೌನ್ಸೆಲರ್' ಎಂಬ ಬೋರ್ಡು. ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಅನುಭವಸ್ಥರ ಕೈಕೆಳಗೆ ಪಳಗಿದ ಒಳ್ಳೆಯ ಕೌನ್ಸೆಲರ್‌ಗಳಿದ್ದಾರೆ. ವಾರಾಂತ್ಯದ ಒಂದು ಶಿಬಿರ ಮುಗಿಸಿ ಬೋರ್ಡು ಹಾಕಿದವರೂ ಇದ್ದಾರೆ. ಆದ್ದರಿಂದ "ನೀವು ಏನು ಓದಿದ್ದೀರಿ, ಎಲ್ಲಿ ತರಬೇತಿ ಆಯ್ತು?" ಎಂದು ಧೈರ್ಯವಾಗಿ ಕೇಳಿ. ಇದು ಉದ್ಧಟತನವಲ್ಲ. ಹೀಗೆ ಕೇಳಿದ್ದಕ್ಕೆ ಮುಖ ಸಿಂಡರಿಸುವವರು ನಿಮಗೆ ಬೇಡ.

ಎಲ್ಲಿ ಸಿಗುತ್ತಾರೆ? ಜಿಲ್ಲಾಸ್ಪತ್ರೆಗಳಲ್ಲಿ, ವೈದ್ಯಕೀಯ ಕಾಲೇಜುಗಳಲ್ಲಿ ಮನೋವೈದ್ಯಕೀಯ ವಿಭಾಗಗಳಿವೆ. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮದೇ ಬಳ್ಳಾರಿ. 1985ರಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಪ್ರಯೋಗ ಶುರು ಮಾಡಿದರು. ಈಗ 'ಮನೋಚೈತನ್ಯ' ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮ ಊರಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯವರನ್ನೋ ಕೇಳಿ ತಿಳಿದುಕೊಳ್ಳಿ. ಖಾಸಗಿಯಾಗಿ ಹೋಗುವುದಾದರೆ ಒಂದು ಭೇಟಿಗೆ ಎಷ್ಟು, ಬರಲಾಗದಿದ್ದರೆ ಹಣ ಕೊಡಬೇಕೇ, ಕಡಿಮೆ ಮಾಡುತ್ತಾರೆಯೇ ಎಂಬುದನ್ನು ಫೋನಿನಲ್ಲೇ ಕೇಳಿಬಿಡಿ. ದೊಡ್ಡ ಊರುಗಳಲ್ಲಿ ಇದು ದುಬಾರಿಯೇ. ಮುಚ್ಚಿಟ್ಟು ಪ್ರಯೋಜನವಿಲ್ಲ.

ಈಗ ಮೊದಲ ದಿನಕ್ಕೆ ಬರೋಣ.

ಒಬ್ಬ ಹೆಣ್ಣುಮಗಳನ್ನು ಕಲ್ಪಿಸಿಕೊಳ್ಳಿ. ವಯಸ್ಸು ಮೂವತ್ತರ ಆಸುಪಾಸು, ಜೊತೆಗೆ ಅತ್ತೆ ಬಂದಿದ್ದಾರೆ. ಒಂದು ಫಾರಂ ಕೊಡುತ್ತಾರೆ. ಹೆಸರು, ವಯಸ್ಸು, ಮನೆಯಲ್ಲಿ ಯಾರಿದ್ದಾರೆ, ಬೇರೆ ಕಾಯಿಲೆಗೆ ಯಾವ ಮಾತ್ರೆ ನಡೆಯುತ್ತಿದೆ ಎಂದೆಲ್ಲ ಬರೆಯಬೇಕು. ಕೆಲವು ಕಡೆ ಕಳೆದ ಎರಡು ವಾರಗಳನ್ನು ಕುರಿತ ಒಂಬತ್ತು ಪ್ರಶ್ನೆಗಳ ಹಾಳೆಯನ್ನೂ ಕೊಡುತ್ತಾರೆ. ಅದು ಪರೀಕ್ಷೆಯಲ್ಲ, ಅದರಲ್ಲಿ ಪಾಸು ಫೇಲು ಇಲ್ಲ. ದುಃಖ ಎಷ್ಟು ದಿನ ಇತ್ತು, ನಿದ್ದೆ ಹೇಗಿತ್ತು ಎಂಬುದಕ್ಕೆ ಅಂದಾಜು ಸಿಗಲಿ ಎಂದು. ಆಮೇಲೆ ಒಳಗೆ ಕರೆಯುತ್ತಾರೆ. ಅಲ್ಲಿ ಮಂಚ ಇರುವುದಿಲ್ಲ. ಸಿನಿಮಾದಲ್ಲಿ ತೋರಿಸುವಂತೆ ಮಲಗಿಸಿ ಗಡಿಯಾರ ತೂಗಾಡಿಸುವುದಿಲ್ಲ. ಎರಡು ಕುರ್ಚಿ, ಒಂದು ಮೇಜು, ಕೆಲವು ಕಡೆ ಕಣ್ಣೊರೆಸಿಕೊಳ್ಳಲು ಟಿಶ್ಯೂ.

ಅತ್ತೆಯೂ ಒಳಗೆ ಬರುತ್ತಾರೆ, ತಾವೇ ಮಾತು ಶುರು ಮಾಡುತ್ತಾರೆ: "ಇವಳು ಯಾರ ಜೊತೇನೂ ಮಾತಾಡಲ್ಲ ಡಾಕ್ಟ್ರೇ." ಪಳಗಿದವರು ಅವರ ಮಾತನ್ನು ಗೌರವದಿಂದ ಕೇಳುತ್ತಾರೆ. ಆಮೇಲೆ, "ಅಮ್ಮ, ಈಗ ನಾನು ಇವರ ಜೊತೆ ಒಬ್ಬರೇ ಮಾತಾಡಬೇಕು, ನೀವು ಸ್ವಲ್ಪ ಹೊರಗೆ ಕೂತಿರಿ" ಎನ್ನುತ್ತಾರೆ. ಅವರು ಹೇಳದಿದ್ದರೆ ನೀವೇ ಕೇಳಬಹುದು: "ನಾನು ಒಬ್ಬಳೇ ಮಾತಾಡಬೇಕು." ಬಾಗಿಲು ಮುಚ್ಚಿದ ಮೇಲೆ ಕೇಳುವ ಪ್ರಶ್ನೆ ಬಹಳ ಸರಳ. "ಹೇಳಿ, ಏನಾಗ್ತಿದೆ?"

ಅಲ್ಲಿ ಎಲ್ಲರೂ ತಡವರಿಸುತ್ತಾರೆ. "ಎಲ್ಲಿಂದ ಶುರು ಮಾಡ್ಲಿ ಗೊತ್ತಾಗ್ತಿಲ್ಲ" ಎನ್ನುತ್ತಾರೆ. ಎಲ್ಲಿಂದಲಾದರೂ ಆಗಬಹುದು. ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ಏನನ್ನಿಸಿತು ಎಂಬುದರಿಂದ ಶುರು ಮಾಡಿದರೂ ಸಾಕು. ಎಲ್ಲವನ್ನೂ ಮೊದಲ ದಿನವೇ ಹೇಳಬೇಕೆಂಬ ನಿಯಮವಿಲ್ಲ. ಹೇಳಲಾಗದ್ದಿದ್ದರೆ "ಇದನ್ನು ಈಗ ಹೇಳಕ್ಕಾಗಲ್ಲ" ಎಂದರೆ ಒಳ್ಳೆಯ ಸಮಾಲೋಚಕರು ಅಲ್ಲಿಗೇ ನಿಲ್ಲಿಸುತ್ತಾರೆ. ಮರೆಯುವ ಭಯವಿದ್ದರೆ ಮನೆಯಲ್ಲೇ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಅದನ್ನೇ ಓದಿ. ಅಳು ಬಂದರೆ ಅಳಿ. ಆ ಕೋಣೆಯಲ್ಲಿ ಅಳುವುದು ದಿನನಿತ್ಯದ ಸಂಗತಿ, ಗಂಡಸರೂ ಅಳುತ್ತಾರೆ. ನಿಮ್ಮ ಊರಿನ ಕನ್ನಡದಲ್ಲೇ ಮಾತಾಡಿ. ನೋವನ್ನು ಪುಸ್ತಕದ ಭಾಷೆಗೆ ತಿದ್ದಿ ಹೇಳುವ ಶ್ರಮ ಬೇಡ. ನಿಮ್ಮ ಮಾತು ಅವರಿಗೆ ಹಿಡಿಯದಿದ್ದರೆ ಕೇಳಿ ತಿಳಿದುಕೊಳ್ಳುವುದು ಅವರ ಕೆಲಸ.

ಅವರ ಕಡೆಯಿಂದ ಪ್ರಶ್ನೆಗಳು ಬರುತ್ತವೆ. ಬಾಲ್ಯ ಹೇಗಿತ್ತು, ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತಾ, ಕುಡಿಯುವ ಅಭ್ಯಾಸ ಇದೆಯಾ, ದಾಂಪತ್ಯ ಹೇಗಿದೆ. ಕೆಲವು ಮುಜುಗರ ತರಬಹುದು. "ಸಾಯಬೇಕು ಅಂತ ಅನ್ನಿಸಿದ್ದಿದೆಯಾ?" ಎಂಬ ಪ್ರಶ್ನೆಯೂ ಬರಬಹುದು. ಇದನ್ನು ಕೇಳಿ ಬೆಚ್ಚಬೇಡಿ. ನಿಮ್ಮಲ್ಲಿ ಏನೋ ಭಯಂಕರವಾದದ್ದನ್ನು ಕಂಡು ಕೇಳಿದ್ದಲ್ಲ, ಮೊದಲ ಭೇಟಿಯಲ್ಲಿ ಕೇಳಲೇಬೇಕಾದ ಪ್ರಶ್ನೆ ಅದು. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟಿಕೊಳ್ಳುವುದಿಲ್ಲ. ಹೌದು ಎಂದಾದರೆ ಹೌದು ಎನ್ನಿ. ಪೊಲೀಸಿನವರು ಬರುತ್ತಾರೇನೋ ಎಂಬ ಹೆದರಿಕೆ ಹಳ್ಳಿಯಲ್ಲೂ ಪೇಟೆಯಲ್ಲೂ ಇದೆ. ಯೋಚನೆ ಬಂದದ್ದು ಅಪರಾಧವೇ ಅಲ್ಲ. ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಹೇಳುತ್ತದೆ.

ಈ ಮಾತುಕತೆ ಸಾಮಾನ್ಯವಾಗಿ 45ರಿಂದ 50 ನಿಮಿಷ. ಸರ್ಕಾರಿ ಆಸ್ಪತ್ರೆಯಲ್ಲಿ ಹೊರಗೆ ಸಾಲು ಉದ್ದವಿದ್ದರೆ ಅಷ್ಟು ಸಿಗದು. ಹತ್ತು ಹದಿನೈದು ನಿಮಿಷದಲ್ಲಿ ಮುಗಿದರೆ ಬೇಸರಪಟ್ಟು ಬಿಟ್ಟುಬಿಡಬೇಡಿ. "ನನಗೆ ಇನ್ನೂ ಹೇಳೋದಿದೆ, ಯಾವಾಗ ಬರಲಿ?" ಎಂದು ಕೇಳಿ, ದಿನ ಗೊತ್ತು ಮಾಡಿಕೊಂಡೇ ಎದ್ದು ಬನ್ನಿ.

ಗುಟ್ಟಿನ ವಿಷಯಕ್ಕೆ ಬರುತ್ತೇನೆ. ನಮ್ಮ ಸಮಾಜದಲ್ಲಿ ಇದಕ್ಕಿಂತ ದೊಡ್ಡ ಭಯ ಇನ್ನೊಂದಿಲ್ಲ. ತಂಗಿಗೆ ಗಂಡು ನೋಡುತ್ತಿದ್ದಾರೆ, ಸುದ್ದಿ ಹೊರಬಿದ್ದರೆ? ಆಫೀಸಿಗೆ ತಿಳಿದರೆ? ಅದೇ ಕಾಯ್ದೆಯ 23ನೇ ಕಲಂ ನಿಮ್ಮ ಮಾನಸಿಕ ಆರೋಗ್ಯ ಮತ್ತು ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವ ಹಕ್ಕನ್ನು ನಿಮಗೆ ಕೊಡುತ್ತದೆ. ಹೊರಗೆ ಕೂತ ಅತ್ತೆ ಆಮೇಲೆ ಬಂದು "ಏನಂದ್ಲು?" ಎಂದು ಕೇಳಿದರೆ, ನಿಮ್ಮ ಒಪ್ಪಿಗೆ ಇಲ್ಲದೆ ಸಮಾಲೋಚಕರು ಬಾಯಿಬಿಡುವಂತಿಲ್ಲ. ಆದರೆ ಗೋಪ್ಯತೆಗೆ ಮಿತಿಗಳಿವೆ, ಅವನ್ನು ಮೊದಲ ದಿನವೇ ತಿಳಿದಿರುವುದು ಒಳ್ಳೆಯದು. ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯವಿದ್ದರೆ ಅದನ್ನು ತಪ್ಪಿಸಲು ಬೇಕಾದಷ್ಟನ್ನು ಹೇಳಬೇಕಾಗುತ್ತದೆ. ನ್ಯಾಯಾಲಯ ಆದೇಶಿಸಿದರೆ ಕೊಡಬೇಕಾಗುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದರೆ 2012ರ ಪೋಕ್ಸೋ ಕಾಯ್ದೆಯಂತೆ ವರದಿ ಮಾಡುವುದು ಕಡ್ಡಾಯ. ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಿ ತಂದೆತಾಯಿಯ ಒಪ್ಪಿಗೆ ಬೇಕು. ಆದರೂ ಮಗು ನಂಬಿ ಹೇಳಿದ ಪ್ರತಿಯೊಂದು ಮಾತನ್ನೂ ತಮಗೆ ಒಪ್ಪಿಸಬೇಕು ಎಂದು ಹಟ ಹಿಡಿಯದಿರುವ ತಂದೆತಾಯಿಯ ಮಕ್ಕಳೇ ಬೇಗ ಚೇತರಿಸಿಕೊಳ್ಳುವುದನ್ನು ನಾನು ಕಂಡಿದ್ದೇನೆ.

ಮೊದಲ ಭೇಟಿ ಮುಗಿಸಿ ಬಂದವರ ಸಾಮಾನ್ಯ ದೂರು: "ಬರೀ ಕೇಳಿಸಿಕೊಂಡ್ರು, ಏನೂ ಹೇಳಲೇ ಇಲ್ಲ." ಈ ನಿರಾಸೆ ನನಗೆ ಅರ್ಥವಾಗುತ್ತದೆ. ಕಷ್ಟ ಹೇಳಿಕೊಂಡರೆ ತಕ್ಷಣ ಬುದ್ಧಿಮಾತು ಬರುವುದು ನಮ್ಮ ಮನೆಗಳ ರೂಢಿ. ಹೊಂದಿಕೊಂಡು ಹೋಗು, ಗಟ್ಟಿಯಾಗು, ಯಾರಿಗಿಲ್ಲ ಕಷ್ಟ. ಇಷ್ಟನ್ನೇ ಕೇಳಬೇಕಿದ್ದರೆ ಚಿಕ್ಕಪ್ಪ ಸಾಕಾಗಿತ್ತು. ಗಂಡನನ್ನು ಬಿಡಬೇಕೋ ಬೇಡವೋ, ಕೆಲಸಕ್ಕೆ ರಾಜೀನಾಮೆ ಕೊಡಬೇಕೋ ಬೇಡವೋ ಎಂಬುದನ್ನು ಸಮಾಲೋಚಕರು ತೀರ್ಮಾನಿಸುವುದಿಲ್ಲ. ತೀರ್ಮಾನಿಸಲೂಬಾರದು. ಅದರ ಫಲವನ್ನು ಉಣ್ಣಬೇಕಾದವರು ನೀವು. ತೀರ್ಮಾನಿಸುವ ಶಕ್ತಿ ನಿಮ್ಮಲ್ಲಿ ಯಾಕೆ ಸೋತಿದೆ, ಅದನ್ನು ಮತ್ತೆ ಹೇಗೆ ಎಬ್ಬಿಸುವುದು ಎಂಬುದೇ ಅಲ್ಲಿನ ಕೆಲಸ.

ಆ ಕೆಲಸ ಹೇಗೆ ನಡೆಯುತ್ತದೆ? ಇನ್ನೊಂದು ಉದಾಹರಣೆ ಕಟ್ಟಿ ಹೇಳುತ್ತೇನೆ. ಒಬ್ಬರು ಬಸ್ಸಿನಲ್ಲಿ ಹೋಗುವಾಗ ಎದೆ ಹೊಡೆದುಕೊಂಡು, ಬೆವರಿ, ಸತ್ತೇಹೋಗುತ್ತೇನೆ ಎನ್ನಿಸಿ ನಡುದಾರಿಯಲ್ಲೇ ಇಳಿದರು. ಹೃದಯ ಚೆನ್ನಾಗಿದೆ ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಆದರೂ ಅಂದಿನಿಂದ ಬಸ್ಸು ಹತ್ತಿಲ್ಲ, ಸಂತೆಗೆ ಹೋಗುವುದನ್ನೂ ಬಿಟ್ಟಿದ್ದಾರೆ. ಇದು ಪ್ಯಾನಿಕ್. ಸಮಾಲೋಚಕರು ಮೊದಲು ಇದರ ಒಳಗುಟ್ಟನ್ನು ತಿಳಿಸುತ್ತಾರೆ. ಭಯದ ಈ ಅಲೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ತಾನೇ ಇಳಿಯುತ್ತದೆ. ಎದೆಬಡಿತವನ್ನು "ಹಾರ್ಟ್ ಅಟ್ಯಾಕ್" ಎಂದು ಓದಿಕೊಂಡಾಗ ಭಯ ಹೆಚ್ಚುತ್ತದೆ, ಭಯ ಹೆಚ್ಚಿದಾಗ ಎದೆಬಡಿತ ಇನ್ನೂ ಜೋರಾಗುತ್ತದೆ. ನಡುವೆ ಇಳಿದುಬಿಟ್ಟರೆ, ಇಳಿದದ್ದರಿಂದಲೇ ಬದುಕಿದೆ ಎಂದು ಮನಸ್ಸು ನಂಬುತ್ತದೆ. ಈ ಸುತ್ತನ್ನು ಬಿಡಿಸಲು ಒಂದು ನೋಟ್‌ಬುಕ್ ಇಡಲು ಹೇಳುತ್ತಾರೆ: ಯಾವಾಗ ಬಂತು, ಆಗ ಮನಸ್ಸಿನಲ್ಲಿ ಓಡಿದ ಯೋಚನೆ ಏನು, ಆಮೇಲೆ ನಿಜವಾಗಿ ಆದದ್ದೇನು. ನಂತರ ನಿಂತ ಬಸ್ಸಿನಲ್ಲಿ ಸುಮ್ಮನೆ ಕೂತು ಬರುವುದು, ಒಂದು ಸ್ಟಾಪ್, ಎರಡು ಸ್ಟಾಪ್, ಹೀಗೆ ಮುಂದುವರಿಯುತ್ತದೆ. ವಾರಕ್ಕೊಮ್ಮೆಯಂತೆ ಕೆಲವು ವಾರಗಳಿಂದ ಕೆಲವು ತಿಂಗಳು ಹಿಡಿಯಬಹುದು. ಆ್ಯರನ್ ಬೆಕ್ ಎಂಬ ಅಮೆರಿಕದ ಮನೋವೈದ್ಯರು 1960ರ ದಶಕದಲ್ಲಿ ರೂಪಿಸತೊಡಗಿದ ಅರಿವು ಮತ್ತು ವರ್ತನೆಯ ಚಿಕಿತ್ಸೆಯ ಜಾಡು ಇದು. ಎಲ್ಲ ನೋವಿಗೂ ಇದೇ ದಾರಿಯಲ್ಲ. ಬಾಲ್ಯದಲ್ಲಿ ಆದ ಗಾಯಗಳಿಗೆ, ಸಾವಿನ ಶೋಕಕ್ಕೆ, ದಾಂಪತ್ಯದ ಬಿರುಕಿಗೆ ಬೇರೆ ವಿಧಾನಗಳಿವೆ. ಅವು ಹೆಚ್ಚು ಸಮಯ ಬೇಡಬಹುದು. ಯಾವ ವಿಧಾನ, ಎಷ್ಟು ಭೇಟಿ, ಏನನ್ನು ನೋಡಿ ಸುಧಾರಿಸಿದೆ ಎಂದು ಹೇಳುವುದು? ಈ ಮೂರನ್ನೂ ಕೇಳುವ ಹಕ್ಕು ನಿಮ್ಮದು.

ಎರಡನೆಯ, ಮೂರನೆಯ ಭೇಟಿಯ ಹೊತ್ತಿಗೆ ಕೆಲವರಿಗೆ ಮೊದಲಿಗಿಂತ ಹೆಚ್ಚು ಸಂಕಟವಾಗುತ್ತದೆ. ರಾತ್ರಿ ಹಳೆಯದೆಲ್ಲ ನೆನಪಾಗುತ್ತದೆ, ಮನೆಯವರು "ಹೋಗಿ ಬಂದ ಮೇಲೆ ಜಾಸ್ತಿಯಾಯ್ತು" ಎನ್ನುತ್ತಾರೆ. ಬಾವಿಯ ಹೂಳೆತ್ತುವಾಗ ತಿಳಿನೀರೂ ಮೊದಲು ಕದಡುತ್ತದಲ್ಲ, ಹಾಗೆ. ಅಲ್ಲಿಗೆ ನಿಲ್ಲಿಸಿದವರೇ ಹೆಚ್ಚು. ದಯವಿಟ್ಟು ನಿಲ್ಲಿಸಬೇಡಿ. ಆ ಸಂಕಟವನ್ನೇ ಮುಂದಿನ ಭೇಟಿಯಲ್ಲಿ ಹೇಳಿ, ಅವರು ವೇಗ ತಗ್ಗಿಸುತ್ತಾರೆ. ತಡೆಯಲಾಗದಷ್ಟಾದರೆ ಮುಂದಿನ ದಿನಾಂಕಕ್ಕೆ ಕಾಯದೆ ಫೋನ್ ಮಾಡಿ.

ಮೂರು ನಾಲ್ಕು ಸಲ ಹೋದಮೇಲೂ ಇವರ ಮುಂದೆ ಮನಸ್ಸು ಬಿಚ್ಚಿಕೊಳ್ಳುವುದಿಲ್ಲ ಎನ್ನಿಸಿದರೆ ಬೇರೆಯವರನ್ನು ನೋಡಿ. ಅದು ಅವರ ತಪ್ಪೂ ಅಲ್ಲ, ನಿಮ್ಮ ತಪ್ಪೂ ಅಲ್ಲ. ಚಿಕಿತ್ಸೆ ಫಲಿಸುವುದರಲ್ಲಿ ಇಬ್ಬರ ನಡುವಿನ ನಂಬಿಕೆಯ ಪಾಲು ದೊಡ್ಡದು. ಆದರೆ ಕೆಲವು ನಡವಳಿಕೆಗಳನ್ನು ಮಾತ್ರ ಒಂದೇ ಒಂದು ದಿನವೂ ಸಹಿಸಬೇಡಿ. ನಿಮ್ಮ ಜಾತಿ, ಧರ್ಮ, ನೀವು ಪ್ರೀತಿಸಿದ ವ್ಯಕ್ತಿ ಇವನ್ನು ಹಳಿಯುವುದು. ಹೊಡೆಯುವ ಗಂಡನ ಜೊತೆ ಹೊಂದಿಕೋ ಎನ್ನುವುದು. ಇನ್ನೊಬ್ಬ ರೋಗಿಯ ಗುಟ್ಟನ್ನು ನಿಮಗೆ ಹೇಳುವುದು, ನಿಮ್ಮದನ್ನು ಅವರಿಗೆ ಹೇಳುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಮೈಮುಟ್ಟುವುದು, ಹೊರಗೆ ಭೇಟಿಯಾಗೋಣ ಎನ್ನುವುದು, ಸಾಲ ಕೇಳುವುದು. ಇವುಗಳಲ್ಲಿ ಯಾವುದು ಕಂಡರೂ ಎದ್ದು ಬನ್ನಿ. ದೂರು ಕೊಡಿ.

ಔಷಧದ ವಿಷಯ ಚುಟುಕಾಗಿ ಹೇಳುತ್ತೇನೆ. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಬೇಕಾದವರಿಗೆ ಕೊಟ್ಟಾಗ, ಖಿನ್ನತೆಯ ಮಾತ್ರೆಗಳು ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಅಭ್ಯಾಸವಾಗಿಬಿಡುತ್ತದೆ ಎಂದು ಜನ ಹೆದರುವುದು ಇವುಗಳಿಗೇ. ಆದರೆ ಚಟ ಹತ್ತಿಸುವ ಅಪಾಯ ಇರುವುದು ಕೆಲವು ಬಗೆಯ ನಿದ್ದೆಮಾತ್ರೆಗಳಲ್ಲಿ. ಅವನ್ನು ವೈದ್ಯರ ಚೀಟಿ ಮೀರಿ ನುಂಗಬಾರದು. ಗುಣ ಕಂಡಿತು ಅಂತ ಯಾವುದನ್ನೂ ತಾವಾಗಿಯೇ ನಿಲ್ಲಿಸಬಾರದು. ಥೈರಾಯ್ಡ್, ಬಿ-12 ಕೊರತೆ, ರಕ್ತಹೀನತೆ ಇವೂ ಮನಸ್ಸನ್ನು ಕುಗ್ಗಿಸಬಲ್ಲವು, ಆದ್ದರಿಂದ ರಕ್ತ ಪರೀಕ್ಷೆ ಬರೆದುಕೊಟ್ಟರೆ ಮಾಡಿಸಿ.

ಮನೆಯವರಿಗೆ ನನ್ನ ಬೇಡಿಕೆ ಇಷ್ಟೇ. ನಿಮ್ಮ ಮನೆಯಲ್ಲಿ ಯಾರಾದರೂ "ನಾನು ಯಾರ ಹತ್ರನಾದ್ರೂ ಮಾತಾಡಬೇಕು" ಎಂದರೆ, "ನಮ್ಮ ಹತ್ರ ಹೇಳಕ್ಕೇನು?" ಎಂದು ಮುನಿಸಿಕೊಳ್ಳಬೇಡಿ. ನಿಮ್ಮನ್ನು ನೋಯಿಸಬಾರದು ಎಂದೇ ಅವರು ಹೊರಗಿನವರನ್ನು ಹುಡುಕುತ್ತಿರಬಹುದು. ದೇವಸ್ಥಾನಕ್ಕೋ ದರ್ಗಾಕ್ಕೋ ಹೋಗುವ ಹರಕೆ ಇದ್ದರೆ ಹೋಗಿ ಬನ್ನಿ, ಯಾವ ವಿವೇಕದ ವೈದ್ಯರೂ ಬೇಡ ಎನ್ನುವುದಿಲ್ಲ. ಅದಕ್ಕಾಗಿ ಚಿಕಿತ್ಸೆಯನ್ನು ಮುಂದೂಡಬೇಡಿ, ಕಟ್ಟಿಹಾಕುವ, ಹೊಡೆಯುವ ಜಾಗಕ್ಕೆ ಕರೆದೊಯ್ಯಬೇಡಿ. ಆಸ್ಪತ್ರೆಗೆ ಜೊತೆಯಲ್ಲಿ ಬನ್ನಿ, ಹೊರಗೆ ಕೂತಿರಿ. ದಾರಿಯಲ್ಲಿ ಬರುವಾಗ ಒಳಗೆ ಏನಾಯಿತು ಎಂದು ಕೆದಕದೆ, ಊಟ ಮಾಡೋಣವಾ ಎಂದು ಕೇಳಿ.

ಇಷ್ಟು ಕೇಳಿದ ಮೇಲೂ ಆಸ್ಪತ್ರೆಯವರೆಗೆ ಹೋಗಲು ಕಾಲು ಬರುತ್ತಿಲ್ಲ ಎನ್ನುವವರು ಮನೆಯಿಂದಲೇ ಶುರು ಮಾಡಬಹುದು. ಟೆಲಿ ಮಾನಸ್ ಎಂಬ ಸರ್ಕಾರದ ದೂರವಾಣಿ ಸೇವೆ 2022ರ ಅಕ್ಟೋಬರ್ 10ರಂದು ಬೆಂಗಳೂರಿನಿಂದ ಆರಂಭವಾಯಿತು. ನಿಮ್ಹಾನ್ಸ್ ಅದಕ್ಕೆ ಮುಖ್ಯ ಕೇಂದ್ರ. ಕನ್ನಡದಲ್ಲಿ ಮಾತಾಡುತ್ತಾರೆ. ಮುಂದೆ ನೇರವಾಗಿ ವೈದ್ಯರನ್ನು ಕಾಣಬೇಕಾದರೆ ಎಲ್ಲಿಗೆ ಹೋಗಬೇಕೆಂದೂ ಹೇಳುತ್ತಾರೆ. ಸಾಯುವ ಯೋಚನೆ ಬಲವಾಗಿ ಕಾಡುತ್ತಿರುವವರು ಒಬ್ಬರೇ ಇರಬೇಡಿ, ಹತ್ತಿರದವರನ್ನು ಕರೆಯಿರಿ, ಕೂಡಲೇ ಆಸ್ಪತ್ರೆಗೆ ಹೋಗಿ. ಅಲ್ಲಿಯವರೆಗೂ ಫೋನಿನಲ್ಲಿ ಮಾತಾಡಲು ಈ ನಂಬರ್ ಇದೆ. ಪೆನ್ನು ಹತ್ತಿರ ಇದ್ದರೆ ಬರೆದುಕೊಳ್ಳಿ: 14416. ಇನ್ನೊಮ್ಮೆ ಹೇಳುತ್ತೇನೆ, ಒಂದು ನಾಲ್ಕು ನಾಲ್ಕು ಒಂದು ಆರು. ಕರೆಗೆ ಹಣವಿಲ್ಲ, ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಮಾಡಬಹುದು.